ಸ್ಟೇರೋ... ಗೇಜೋ...?

ಈ ವಾರ ಬಂದ ಪತ್ರಗಳ ಕಟ್ಟು ಬಿಚ್ಚಿದರೆ ಮೇಲುಗಡೆಯೇ ಒಂದು ವಿಚಿತ್ರ ಕಾಗದ. ಯಾವ ನಟನ ಮುಂದಿನ ಚಿತ್ರ ಯಾವುದು ಅಂತ ಕೇಳಿಲ್ಲ. ಯಾವ ನಟಿಗೆ ಮದುವೆ ಯಾವಾಗ ಅಂತಲೂ ಕೇಳಿಲ್ಲ. ಕೇಳಿರುವುದು ಎರಡು ಇಂಗ್ಲಿಷ್ ಪದಗಳ ಅರ್ಥ! ಸಿನಿಮಾ ಪತ್ರಿಕೆಗೆ ಇದೇನು ಪ್ರಶ್ನೆ ಎಂದು ಪಕ್ಕಕ್ಕೆ ಇಡಲು ಹೋದೆ. ಪೂರ್ತಿ ಓದಿದ ಮೇಲೆ ಕೈ ಬರಲಿಲ್ಲ. ನೀವೂ ಓದಿ.

"ಸಾರ್, ನಾನು ರಾಯಚೂರು ಕಡೆಯವನು. ಐ.ಟಿ.ಐ. ಟರ್ನರ್. ಪೀಣ್ಯದ ಒಂದು ವರ್ಕ್‌ಶಾಪಿನಲ್ಲಿ ಸಿ.ಎನ್.ಸಿ. ಮೆಷಿನ್ ಮೇಲೆ ಕೆಲಸ. ಸಂಜೆ ಶಿಫ್ಟ್ ಬಿಟ್ಟ ಮೇಲೆ ಜಾಲಹಳ್ಳಿ ಕ್ರಾಸಿನಲ್ಲಿ ಬಸ್ಸಿಗೆ ನಿಲ್ಲುತ್ತೇನೆ. ಅದೇ ಹೊತ್ತಿಗೆ ಗಾರ್ಮೆಂಟ್ಸಿನಿಂದ ಒಬ್ಬ ಹುಡುಗಿ ಬರುತ್ತಾಳೆ. ದೇವರಾಣೆ ಸಾರ್, ಒಂದು ಮಾತು ಆಡಿಲ್ಲ, ಸೀಟಿ ಹೊಡೆದಿಲ್ಲ, ಹಿಂದೆ ಹೋಗಿಲ್ಲ. ಸುಮ್ನೆ ನೋಡ್ತಿದ್ದೆ, ಅಷ್ಟೆ. ಹೋದ ಸೋಮವಾರ ಸೀದಾ ಎದುರಿಗೆ ಬಂದು 'ಡೋಂಟ್ ಸ್ಟೇರ್' ಅಂದಳು. ಸುತ್ತ ಇದ್ದವರು ನಕ್ಕರು. ರೂಮಿಗೆ ಬಂದು ಪಾಕೆಟ್ ಡಿಕ್ಷನರಿ ತೆಗೆದೆ. ಸ್ಟೇರ್ ಅಂದರೆ 'ದಿಟ್ಟಿಸಿ ನೋಡು' ಅಂತ ಇತ್ತು. ಪಕ್ಕದ ರೂಮಿನ ಡಿಗ್ರಿ ಹುಡುಗ, 'ನೀನು ಮಾಡಿದ್ದು ಸ್ಟೇರ್ ಅಲ್ಲ ಕಣೋ, ಗೇಜ್' ಅಂದ. ಅದನ್ನೂ ತೆಗೆದು ನೋಡಿದೆ. ಅದಕ್ಕೂ 'ದಿಟ್ಟಿಸಿ ನೋಡು'! ಎರಡೂ ಒಂದೇ ಆದರೆ ಎರಡು ಪದ ಯಾಕೆ ಸಾರ್? ಅವಳು ಮತ್ತೆ ಸಿಕ್ಕಾಗ 'ನಾನು ಸ್ಟೇರ್ ಮಾಡಲಿಲ್ಲ, ಗೇಜ್ ಮಾಡಿದೆ' ಅಂತ ಹೇಳಬಹುದಾ? ಹೆಸರು ಹಾಕಬೇಡಿ."

ಹೆಸರು ಹಾಕಿಲ್ಲ ತಮ್ಮಾ, ಧೈರ್ಯವಾಗಿರು. ಆದರೆ ಉತ್ತರ ಒಂದು ಸಾಲಿನಲ್ಲಿ ಮುಗಿಯುವುದಿಲ್ಲ. ಈ ವಾರದ ಅಂಕಣ ಪೂರ್ತಿ ನಿನಗೇ!

ಮೊದಲು ಒಂದು ಗೊಂದಲ ನಿವಾರಣೆ. ಇಲ್ಲಿ ಸ್ಟೇರ್ ಅಂದರೆ ಹತ್ತುವ ಮೆಟ್ಟಿಲಲ್ಲ. ಗೇಜ್ ಅಂದರೆ ನಿಮ್ಮ ವರ್ಕ್‌ಶಾಪಿನಲ್ಲಿ ಅಳತೆ ನೋಡುವ ಗೇಜೂ ಅಲ್ಲ. (ಆ ಗೇಜಿಗೆ ಕೊನೆಯಲ್ಲಿ ಬರೋಣ, ಅದರ ಹತ್ತಿರ ಕೆಲಸವಿದೆ.) ಎರಡೂ ನೋಡುವುದಕ್ಕೆ ಸಂಬಂಧಿಸಿದ ಪದಗಳೇ. ಎರಡರಲ್ಲೂ ಕಣ್ಣು ಬಹಳ ಹೊತ್ತು ಒಂದೇ ಕಡೆ ನಿಲ್ಲುತ್ತದೆ. ನಿನ್ನ ಪಾಕೆಟ್ ಡಿಕ್ಷನರಿ ಹಿಡಿದಿದ್ದು ಇಷ್ಟನ್ನೇ, ಪಾಪ. ಅದರ ಜೇಬೂ ಚಿಕ್ಕದು.

ವ್ಯತ್ಯಾಸ ಇರುವುದು ಕಣ್ಣಿನ ಹಿಂದೆ. ಸ್ಟೇರ್ ಎಂಬ ಪದದ ಬೇರು ಬಿಗಿ, ಗಡಸು ಎಂಬ ಅರ್ಥದ ಹಳೆಯ ಜರ್ಮನ್ ಕುಲದ ಮಾತು. ಇವತ್ತಿಗೂ ಜರ್ಮನ್ ಭಾಷೆಯಲ್ಲಿ 'ಸ್ಟಾರ್' ಅಂದರೆ ಬಿಗಿಯಾದದ್ದು, ಅಲುಗಾಡದ್ದು. ಹಾಗೆ ಗೂಟ ಹೊಡೆದಂತೆ ನಿಂತ ಕಣ್ಣೇ ಸ್ಟೇರ್. ಸಿಟ್ಟಿನಿಂದ ಇರಬಹುದು, ಭಯದಿಂದ ಇರಬಹುದು, ಆಶ್ಚರ್ಯದಿಂದ ಇರಬಹುದು, ನಿದ್ದೆಗೆಟ್ಟು ತಲೆ ಖಾಲಿಯಾಗಿಯೂ ಇರಬಹುದು. ಗೇಜ್ ಹಾಗಲ್ಲ. ನೋಡುವವನಿಗೆ ನೋಡುತ್ತಿದ್ದೇನೆ ಎಂಬುದೇ ಮರೆತುಹೋಗಿ, ಮೆಚ್ಚಿಗೆಯೋ ಯೋಚನೆಯೋ ಅವನನ್ನು ಎಳೆದುಕೊಂಡು ಹೋದರೆ ಅದು ಗೇಜ್. ಆಕಾಶದ ನಕ್ಷತ್ರ ನೋಡುವವನನ್ನು ಇಂಗ್ಲಿಷಿನವರು 'ಸ್ಟಾರ್ ಗೇಜರ್' ಅನ್ನುತ್ತಾರೆ. 'ಸ್ಟಾರ್ ಸ್ಟೇರರ್' ಅಂದದ್ದನ್ನು ಯಾರೂ ಕೇಳಿಲ್ಲ!

ನಮ್ಮ ಕನ್ನಡವೇನು ಕಡಿಮೆಯೇ? ದುರುಗುಟ್ಟುವುದು, ಕೆಕ್ಕರಿಸುವುದು, ಗುರಾಯಿಸುವುದು ಒಂದು ಕಡೆ. ಕಣ್ತುಂಬ ನೋಡುವುದು, ಮೈಮರೆತು ನೋಡುವುದು ಇನ್ನೊಂದು ಕಡೆ. ದೇವಸ್ಥಾನದಿಂದ ಬಂದ ಅಮ್ಮ "ಸ್ವಾಮೀನ ಕಣ್ತುಂಬ ನೋಡ್ದೆ ಕಣಪ್ಪ" ಅನ್ನುತ್ತಾಳೆ. "ಸ್ವಾಮೀನ ಗುರಾಯಿಸ್ದೆ" ಅಂದಾಳೆಯೇ? ಬೆಂಗಳೂರಿನ ಬೀದಿಯಲ್ಲಿ "ಏನೋ ಗುರಾಯಿಸ್ತೀಯಾ?" ಅಂದರೆ ಮುಂದಿನ ನಿಮಿಷ ಕಾಲರಿಗೆ ಕೈ ಬೀಳುತ್ತದೆ ಅಂತಲೇ ಅರ್ಥ. "ಏನೋ ಕಣ್ತುಂಬ ನೋಡ್ತೀಯಾ?" ಅಂತ ಯಾರೂ ಜಗಳ ತೆಗೆದಿಲ್ಲ. ಆದ್ದರಿಂದ ತಮ್ಮಾ, ಈ ಎರಡು ಪದಗಳು ಇಂಗ್ಲಿಷಿನವರ ಸ್ವಂತ ಆಸ್ತಿಯಲ್ಲ. ನಮ್ಮ ಅಮ್ಮಂದಿರಿಗೂ ನಮ್ಮ ರೌಡಿಗಳಿಗೂ ಈ ವ್ಯತ್ಯಾಸ ಚೆನ್ನಾಗಿ ಗೊತ್ತು.

ಸಿನಿಮಾದಿಂದಲೇ ಉದಾಹರಣೆ ಬೇಕೆ? ತೆಗೆದುಕೊಳ್ಳಿ. 1972ರ 'ನಾಗರಹಾವು'. ಅದೇ ಚಿತ್ರದುರ್ಗ, ಅದೇ ಅಲಮೇಲು. ಸೈಕಲ್ ಹಿಡಿದು ದಾರಿ ಕಾಯುವ ಜಲೀಲನೂ ಅವಳನ್ನು ನೋಡುತ್ತಾನೆ, ಆಮೇಲೆ ರಾಮಾಚಾರಿಯೂ ನೋಡುತ್ತಾನೆ. ಅಂಬರೀಷ್ ಅವರ ಮೊದಲ ಚಿತ್ರ ಅದು. ಬುಲ್‌ಬುಲ್ ಎಂಬ ಒಂದು ಮಾತಿನಿಂದ ಅವರು ಮನೆಮಾತಾದರು. ಥಿಯೇಟರಿನಲ್ಲಿ ಶಿಳ್ಳೆ ಬಿದ್ದದ್ದು ನಿಜ. ಆದರೆ ಅಲಮೇಲುವಿನ ಮುಖ ನೆನಪಿದೆಯೆ? ಜಲೀಲ್ ಎದುರು ಬಂದಾಗ ಆರತಿಯವರು ಹೆದರಿ ಮುದುಡುತ್ತಾರೆ. ರಾಮಾಚಾರಿ ಎದುರಿಗಿದ್ದಾಗ ಅದೇ ಮುಖ ಅರಳುತ್ತದೆ. ಪುಟ್ಟಣ್ಣ ಕಣಗಾಲರು ಯಾವ ಡಿಕ್ಷನರಿಯನ್ನೂ ತೆರೆಯದೆ ಎರಡೂ ಪದಗಳ ಅರ್ಥವನ್ನು ಒಬ್ಬ ನಟಿಯ ಮುಖದ ಮೇಲೆ ಬರೆದುಬಿಟ್ಟರು.

ಇಲ್ಲೊಂದು ವಿಷಯ ಗಮನಿಸಿ. ಅರ್ಥ ಬರೆದದ್ದು ನೋಡುವವನ ಕಣ್ಣಿನಲ್ಲಲ್ಲ, ನೋಡಿಸಿಕೊಳ್ಳುವವಳ ಮುಖದಲ್ಲಿ! ಇದನ್ನು ಮರೆಯಬೇಡಿ, ಮುಂದೆ ಬೇಕಾಗುತ್ತದೆ.

ಅದಕ್ಕೂ ಹಿಂದಿನ ವರ್ಷ, 1971ರಲ್ಲಿ, ಅದೇ ಪುಟ್ಟಣ್ಣನವರ 'ಶರಪಂಜರ' ಬಂತು. ತ್ರಿವೇಣಿಯವರ ಕಾದಂಬರಿ, ಕಲ್ಪನಾ ಅವರ ಕಾವೇರಿ. ಹೆರಿಗೆಯ ನಂತರ ಮನಸ್ಸು ಕದಡಿದ ಹೆಣ್ಣು ಚಿಕಿತ್ಸೆ ಪಡೆದು ಗುಣವಾಗಿ ಮನೆಗೆ ಬರುತ್ತಾಳೆ. ಬಂದವಳನ್ನು ಎಲ್ಲರೂ ನೋಡುತ್ತಾರೆ... 'ಇವಳಿಗೆ ಹುಚ್ಚು ಇತ್ತಲ್ಲ' ಎಂಬ ನೋಟ. ಅನ್ನ ಬಡಿಸಿದರೂ ಆ ನೋಟ, ನಕ್ಕರೂ ಆ ನೋಟ. ಅದರ ಮೇಲೆ ಗಂಡನ ದ್ರೋಹ. ಕೊನೆಗೆ ಆಕೆ ಮತ್ತೆ ಕುಸಿದು ಬೀಳುತ್ತಾಳೆ. ಶರಪಂಜರ ಅಂದರೆ ಬಾಣಗಳ ಪಂಜರ. ಆ ಬಾಣಗಳಲ್ಲಿ ಅರ್ಧಕ್ಕರ್ಧ ಕಣ್ಣಿನಿಂದ ಬಿಟ್ಟವು! ಕೈ ಎತ್ತದೆ, ಬಾಯಿ ಬಿಡದೆ, ಬರೀ ನೋಟದಿಂದ ಒಂದು ಜೀವವನ್ನು ಹಣ್ಣು ಮಾಡಬಹುದು ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ? "ನಾನು ಒಂದು ಮಾತೂ ಆಡಿಲ್ಲ ಸಾರ್" ಅಂತ ಬರೆದಿದ್ದೀಯಲ್ಲ, ಅದಕ್ಕೆ ಈ ಚಿತ್ರವನ್ನು ನೆನಪಿಸಿದೆ.

ಮತ್ತೆ 2006ರ 'ಮುಂಗಾರು ಮಳೆ'. ಪ್ರೀತಂ ಮಾಲ್ ಮುಂದೆ ನಂದಿನಿಯನ್ನು ನೋಡುತ್ತಾ ನೋಡುತ್ತಾ ನಡೆದು ಸೀದಾ ಮ್ಯಾನ್‌ಹೋಲಿಗೆ ಬಿದ್ದ! ಇದು ಸ್ಟೇರೋ, ಗೇಜೋ? ನನ್ನ ತೀರ್ಪು: ಗೇಜ್. ಯಾಕೆಂದರೆ ಸ್ಟೇರ್ ಮಾಡುವವನಿಗೆ ತಾನು ಎಲ್ಲಿ ನಿಂತಿದ್ದೇನೆ ಅಂತ ಚೆನ್ನಾಗಿ ಗೊತ್ತಿರುತ್ತದೆ. ಗೂಟ ಹೊಡೆದುಕೊಂಡೇ ನಿಂತಿರುತ್ತಾನೆ. ಗೇಜ್ ಮಾಡುವವನಿಗೆ ಕಾಲ ಕೆಳಗಿನ ನೆಲವೂ ಕಾಣುವುದಿಲ್ಲ. ಒಬ್ಬನ ನೋಟದಿಂದ ನೋಡಿಸಿಕೊಂಡವಳಿಗೆ ತೊಂದರೆ. ಇನ್ನೊಬ್ಬನ ನೋಟದಿಂದ ನೋಡಿದವನಿಗೇ ತೊಂದರೆ!

ಹಾಗಾದರೆ "ನಾನು ಮಾಡಿದ್ದು ಗೇಜ್" ಅಂತ ಹೇಳಬಹುದಲ್ಲ ಸಾರ್ ಅನ್ನುತ್ತೀಯಾ? ಸ್ವಲ್ಪ ತಾಳು.

ನಕ್ಷತ್ರವನ್ನು ನೋಡು, ನಂದಿಬೆಟ್ಟದ ಮಂಜು ನೋಡು, ತೊಟ್ಟಿಲ ಮಗುವನ್ನು ನೋಡು. ಎಷ್ಟು ಹೊತ್ತಾದರೂ ನೋಡು, ಕೇಳುವವರಿಲ್ಲ. ಯಾಕೆ? ನಕ್ಷತ್ರಕ್ಕೆ ಆರೂವರೆ ಬಸ್ಸು ಹಿಡಿಯಬೇಕಾಗಿಲ್ಲ. ಬೆಟ್ಟಕ್ಕೆ 'ಇವನು ನನ್ನ ಹಿಂದೆ ಬಂದರೆ?' ಎಂಬ ಭಯವಿಲ್ಲ. ಜಾಲಹಳ್ಳಿ ಕ್ರಾಸಿನಲ್ಲಿ ನಿಂತ ಹೆಣ್ಣುಮಗಳಿಗೆ ಎರಡೂ ಇದೆ. ಬೆಳಗ್ಗೆಯಿಂದ ಹೊಲಿಗೆ ಮೆಷಿನ್ ಮುಂದೆ ಬಗ್ಗಿ ಬೆನ್ನು ನೊಂದಿದೆ. ಮನೆಗೆ ಹೋಗಿ ಅಡಿಗೆ ಮಾಡಬೇಕು. ಬಸ್ಸು ಬಂದಿಲ್ಲ, ಕತ್ತಲಾಗುತ್ತಿದೆ. ಎದುರುಗಡೆ ಒಬ್ಬ ಅಪರಿಚಿತ ರೆಪ್ಪೆ ಹಾಕದೆ ನೋಡುತ್ತಿದ್ದಾನೆ. ಅವನ ಎದೆಯೊಳಗೆ ವೀಣೆ ನುಡಿಯುತ್ತಿದೆಯೋ ಚಾಕು ಮಸೆಯುತ್ತಿದೆಯೋ ಅವಳಿಗೆ ಹೇಗೆ ಗೊತ್ತಾಗಬೇಕು? ಅವಳಿಗೆ ಕಾಣುವುದು ನಿನ್ನ ಹೃದಯವಲ್ಲ ತಮ್ಮಾ, ಬರೀ ಎರಡು ಕಣ್ಣು.

ಇದು ಗಂಡಸರಿಗೆ ಅರ್ಥವಾಗದ ಕಷ್ಟವೇನಲ್ಲ. ನೀನು ಪಾರ್ಟ್ ಲೋಡ್ ಮಾಡುವಾಗ ಸೂಪರ್‌ವೈಸರ್ ಬಂದು ಬೆನ್ನ ಹಿಂದೆ ಸುಮ್ಮನೆ ನಿಲ್ಲುತ್ತಾನಲ್ಲ, ಒಂದು ಮಾತೂ ಆಡುವುದಿಲ್ಲ, ಬರೀ ನೋಡುತ್ತಾನೆ. ಕೈ ನಡುಗುವುದಿಲ್ಲವೆ? ಭಾನುವಾರ ಹವಾಯಿ ಚಪ್ಪಲಿ ಹಾಕಿಕೊಂಡು ವೈಟ್‌ಫೀಲ್ಡ್ ಕಡೆ ದೊಡ್ಡ ಮಾಲಿಗೆ ಸಿನಿಮಾ ನೋಡಲು ಹೋದಾಗ ಬಾಗಿಲಲ್ಲಿ ನಿಂತವನು ಚಪ್ಪಲಿಯಿಂದ ತಲೆಯವರೆಗೆ ಒಮ್ಮೆ ಅಳೆಯುತ್ತಾನಲ್ಲ? ಕೈಯಲ್ಲಿ ಟಿಕೆಟ್ ಇದ್ದರೂ ಕಳ್ಳನಂತೆ ಆಗುವುದಿಲ್ಲವೆ? ಎಲೆಕ್ಟ್ರಾನಿಕ್ ಸಿಟಿಯಲ್ಲಿ ನೈಟ್ ಶಿಫ್ಟ್ ಮುಗಿಸಿದ ಹುಡುಗ ಬಸ್ಸಿನಲ್ಲಿ ಕಣ್ಣು ತೆರೆದುಕೊಂಡೇ ನಿದ್ದೆ ಹೋಗಿರುತ್ತಾನೆ. ಎದುರು ಸೀಟಿನ ಪೈಲ್ವಾನ್ "ಏನೋ ಲುಕ್ ಕೊಡ್ತೀಯಾ?" ಎಂದು ಎದ್ದು ನಿಲ್ಲುತ್ತಾನೆ. ಪಾಪ, ಅವನು ನೋಡಿದ್ದು ಪೈಲ್ವಾನನನ್ನಲ್ಲ, ಕನಸಿನ ಹಾಸಿಗೆಯನ್ನು! ಅವನಿಗೂ ತನ್ನ ನೋಟದ ಅರ್ಥ ಹೇಳುವ ಅವಕಾಶ ಸಿಗುವುದಿಲ್ಲ. ಎದುರಿನವನು ಓದಿದ್ದೇ ಅರ್ಥ.

"ನಮ್ಮೂರಲ್ಲಿ ಎಲ್ಲರೂ ನೋಡ್ತಾರೆ ಸಾರ್" ಅನ್ನಬಹುದು ನೀನು. ನಿಜ. ಹಳ್ಳಿಗೆ ಹೊಸಬ ಬಂದರೆ ಇಡೀ ಅರಳಿಕಟ್ಟೆ ತಿರುಗಿ ನೋಡುತ್ತದೆ. ಆದರೆ ಆ ನೋಟ ಅಲ್ಲಿಗೇ ನಿಲ್ಲುವುದಿಲ್ಲ. "ಯಾವೂರಪ್ಪ? ಯಾರ ಮನೆಗೆ?" ಅನ್ನುತ್ತದೆ. ಆಮೇಲೆ ಚಾ ಬರುತ್ತದೆ. ಬೆಂಗಳೂರಿನ ಬಸ್ ಸ್ಟಾಪಿನಲ್ಲಿ ಪ್ರಶ್ನೆಯೂ ಇಲ್ಲ, ಚಾ ಕೂಡ ಇಲ್ಲ. ಉಳಿಯುವುದು ಬರೀ ನೋಟ. ಊರಲ್ಲಿ ಸಲಿಗೆಯಾಗಿದ್ದದ್ದು ಇಲ್ಲಿ ಹೆದರಿಕೆಯಾಗುತ್ತದೆ.

ಇನ್ನು ನಮ್ಮ ಸಿನಿಮಾದ ತಪ್ಪನ್ನೂ ಹೇಳಬೇಕಲ್ಲ. 1975ರಲ್ಲಿ ಇಂಗ್ಲೆಂಡಿನ ಲಾರಾ ಮಲ್ವಿ ಎಂಬ ಲೇಖಕಿ 'ಸ್ಕ್ರೀನ್' ಎಂಬ ಪತ್ರಿಕೆಯಲ್ಲಿ ಒಂದು ಪ್ರಬಂಧ ಬರೆದರು. ಸಿನಿಮಾದಲ್ಲಿ ಮೂರು ನೋಟಗಳಿವೆ ಎಂದರು: ಕ್ಯಾಮೆರಾದ ನೋಟ, ಪಾತ್ರಗಳು ಒಬ್ಬರನ್ನೊಬ್ಬರು ನೋಡುವ ನೋಟ, ಪ್ರೇಕ್ಷಕನ ನೋಟ. ಹಾಲಿವುಡ್ ಚಿತ್ರಗಳಲ್ಲಿ ಈ ಮೂರೂ ಸೇರಿ ಗಂಡನ್ನು ನೋಡುವವನನ್ನಾಗಿ, ಹೆಣ್ಣನ್ನು ನೋಡಿಸಿಕೊಳ್ಳುವ ವಸ್ತುವನ್ನಾಗಿ ಮಾಡಿವೆ ಎಂದು ವಾದಿಸಿದರು. ಅಲ್ಲಿಂದ 'ಮೇಲ್ ಗೇಜ್' ಎಂಬ ಮಾತು ಜಗತ್ತಿನಾದ್ಯಂತ ಓಡಾಡಿತು. ನೋಡಿದಿರಾ, ಗೇಜ್ ಎಂಬ ಮೃದುವಾದ ಪದಕ್ಕೂ ಕೇಸು ಬಿತ್ತು!

ನಮ್ಮ ಗಾಂಧಿನಗರಕ್ಕೆ ಇದು ಅನ್ವಯಿಸುವುದಿಲ್ಲ ಅನ್ನುತ್ತೀರಾ? ಎಷ್ಟು ಹಾಡುಗಳಲ್ಲಿ ಕ್ಯಾಮೆರಾ ನಾಯಕಿಯ ಕಾಲಿನಿಂದ ಶುರುವಾಗಿ ಸೊಂಟದ ಹತ್ತಿರ ಸುಸ್ತಾಗಿ ನಿಂತು, ಮುಖಕ್ಕೆ ಬರುವಷ್ಟರಲ್ಲಿ ಪಲ್ಲವಿ ಮುಗಿದಿರುತ್ತದೆ? ಎಷ್ಟು ಚಿತ್ರಗಳಲ್ಲಿ ನಾಯಕ ಹತ್ತು ದಿನ ಬಸ್ ಸ್ಟಾಪಿನಲ್ಲಿ ನಿಂತು ನೋಡಿದರೆ ಹನ್ನೊಂದನೇ ದಿನ ನಾಯಕಿ ನಗುತ್ತಾಳೆ? ಟಾಕೀಸಿನಲ್ಲಿ ಕತ್ತಲಿದೆ. ನಾವು ಟಿಕೆಟ್ ಕೊಂಡಿದ್ದೇವೆ. ಪರದೆಯ ಮೇಲಿನ ನಟಿ ಕತೆ ಕೇಳಿ, ಒಪ್ಪಿ, ಸಂಭಾವನೆ ಪಡೆದು ಕ್ಯಾಮೆರಾ ಮುಂದೆ ಬಂದಿದ್ದಾರೆ. ಎರಡೂವರೆ ಗಂಟೆ ಕಣ್ಣು ಕೀಳದೆ ನೋಡಿ, ಯಾರೂ "ಡೋಂಟ್ ಸ್ಟೇರ್" ಅನ್ನುವುದಿಲ್ಲ. ಅದು ಸಿನಿಮಾದ ಸುಖ. ಕಷ್ಟ ಎಲ್ಲಿ ಬರುತ್ತದೆಂದರೆ, ಆ ಕಣ್ಣನ್ನು ಹಾಗೇ ಜೇಬಿನಲ್ಲಿ ಇಟ್ಟುಕೊಂಡು ನಾವು ಬಸ್ ಸ್ಟ್ಯಾಂಡಿಗೆ ಬಂದುಬಿಡುತ್ತೇವೆ. ಇಲ್ಲಿ ನಿಂತವರು ಯಾರೂ ನಮಗೆ ಟಿಕೆಟ್ ಕೊಟ್ಟಿಲ್ಲ!

"ಕಾನೂನು ಏನನ್ನುತ್ತೆ ಸಾರ್?" ಅಂತ ಇನ್ನೊಬ್ಬರು ಕೇಳುವ ಮೊದಲೇ ಹೇಳಿಬಿಡುತ್ತೇನೆ. 2016ರಲ್ಲಿ ಕೇರಳದ ಹಿರಿಯ ಅಧಿಕಾರಿಯೊಬ್ಬರು, ಹೆಣ್ಣನ್ನು 14 ಸೆಕೆಂಡು ದಿಟ್ಟಿಸಿದರೆ ಕೇಸು ಹಾಕಬಹುದು ಎಂದು ಭಾಷಣ ಮಾಡಿ ದೇಶವೆಲ್ಲ ವಾಚು ನೋಡಿಕೊಳ್ಳುವಂತೆ ಮಾಡಿದರು. ಹಾಗೆ ಸೆಕೆಂಡ್ ಎಣಿಸುವ ಕಾನೂನು ಇಲ್ಲ. "ಹದಿಮೂರಕ್ಕೆ ನಿಲ್ಲಿಸಿದರೆ ಪಾಸಾ?" ಅಂತ ಜನ ತಮಾಷೆ ಮಾಡಿದರು. ಆದರೆ 2022ರಲ್ಲಿ ತಮಿಳುನಾಡು ತನ್ನ ಮೋಟಾರು ವಾಹನ ನಿಯಮಗಳಿಗೆ ತಿದ್ದುಪಡಿ ತಂದಿತು. ಬಸ್ಸಿನಲ್ಲಿ ಹೆಣ್ಣುಮಕ್ಕಳನ್ನು ದುರುಗುಟ್ಟಿ ನೋಡುವುದು, ಕಣ್ಣು ಹೊಡೆಯುವುದು, ಶಿಳ್ಳೆ ಹಾಕುವುದು ತಪ್ಪು. ಕೇಳದಿದ್ದರೆ ಕಂಡಕ್ಟರ್ ಕೆಳಗಿಳಿಸಬಹುದು. ಎಲೆಕ್ಟ್ರಾನಿಕ್ ಸಿಟಿಯಿಂದ ಅತ್ತಿಬೆಲೆ ದಾಟಿ ಹೊಸೂರಿಗೆ ಹೋಗುವ ಮಿತ್ರರು ನೆನಪಿಡಿ!

ಇಡೀ ದೇಶಕ್ಕೆ ಅನ್ವಯಿಸುವ ಕಾನೂನು ಇನ್ನೂ ಮುಖ್ಯ. 2013ರಲ್ಲಿ ಹೆಣ್ಣಿನ ಬೆನ್ನು ಹತ್ತುವುದನ್ನು ಪ್ರತ್ಯೇಕ ಅಪರಾಧ ಮಾಡಿದರು. 2024ರ ಜುಲೈ 1ರಿಂದ ಅದು ಭಾರತೀಯ ನ್ಯಾಯ ಸಂಹಿತೆಯ 78ನೇ ಸೆಕ್ಷನ್. ಮೊದಲ ಸಲಕ್ಕೆ ಮೂರು ವರ್ಷದವರೆಗೆ, ಮತ್ತೆ ಮಾಡಿದರೆ ಐದು ವರ್ಷದವರೆಗೆ ಜೈಲು. ಅದರಲ್ಲಿ ಒಂದು ಮಾತು ಬರುತ್ತದೆ: ಆಕೆ ತನಗೆ ಆಸಕ್ತಿಯಿಲ್ಲವೆಂದು ಸ್ಪಷ್ಟವಾಗಿ ತೋರಿಸಿದ ಮೇಲೂ ಹಿಂಬಾಲಿಸಿ ಮತ್ತೆ ಮತ್ತೆ ಸಂಪರ್ಕಕ್ಕೆ ಯತ್ನಿಸಿದರೆ ತಪ್ಪು. ಗಮನಿಸಿದಿರಾ? ಕಾನೂನು ಕೂಡ ಗಂಡಿನ ಎದೆಯೊಳಗೆ ವೀಣೆ ಇತ್ತೇ ಎಂದು ಕೇಳುವುದಿಲ್ಲ. ಆಕೆ ಏನು ತೋರಿಸಿದಳು ಎಂದು ಕೇಳುತ್ತದೆ. ಪುಟ್ಟಣ್ಣನವರ ಕ್ಯಾಮೆರಾ ಅಲಮೇಲುವಿನ ಮುಖದ ಮೇಲೆ ನಿಂತ ಹಾಗೆ!

ಈಗ ಒಂದು ಹಳೇ ಕತೆ. ದಮಯಂತಿಯ ಸ್ವಯಂವರ. ಅವಳಿಗೆ ನಳನ ಮೇಲೆ ಮನಸ್ಸು. ಇಂದ್ರ, ಅಗ್ನಿ, ವರುಣ, ಯಮ ನಾಲ್ವರೂ ನಳನ ವೇಷದಲ್ಲೇ ಬಂದು ಕುಳಿತರು. ಐದು ಜನ ನಳರು! ಅವಳು ಹೇಗೆ ಗುರುತು ಹಿಡಿದಳು ಗೊತ್ತೆ? ದೇವತೆಗಳಿಗೆ ಅನಿಮಿಷರು ಅಂತ ಹೆಸರು, ಅವರು ರೆಪ್ಪೆ ಹೊಡೆಯುವುದಿಲ್ಲ. ಅವರಿಗೆ ಬೆವರಿಲ್ಲ, ಕಾಲು ನೆಲಕ್ಕೆ ತಾಗುವುದಿಲ್ಲ. ಬೆವರುತ್ತಿದ್ದ, ನೆಲದ ಮೇಲೆ ನಿಂತಿದ್ದ, ರೆಪ್ಪೆ ಮಿಟುಕಿಸುತ್ತಿದ್ದ ಒಬ್ಬನ ಕೊರಳಿಗೆ ಹಾರ ಹಾಕಿದಳು. ಕೇಳಿದೆಯಾ ತಮ್ಮಾ? ಎವೆಯಿಕ್ಕದೆ ನೋಡಿದವರು ಇಂದ್ರನಾದರೂ ಸರಿ, ಹಾರ ಸಿಗಲಿಲ್ಲ! ರೆಪ್ಪೆ ಹೊಡೆದ ಮನುಷ್ಯನಿಗೆ ಸಿಕ್ಕಿತು.

ಈಗ ನಿನ್ನ ವರ್ಕ್‌ಶಾಪಿನ ಗೇಜಿಗೆ ಬರೋಣ. ಪ್ಲಗ್ ಗೇಜ್ ನಿನಗೆ ಗೊತ್ತು. ಒಂದು ತುದಿ 'ಗೋ', ಇನ್ನೊಂದು ತುದಿ 'ನೋ ಗೋ'. ಕೊರೆದ ತೂತಿಗೆ ಗೋ ತುದಿ ಹೋಗಬೇಕು, ನೋ ಗೋ ತುದಿ ಹೋಗಬಾರದು. ನೋ ಗೋ ಒಳಗೆ ಹೋಯಿತೋ, ಪೀಸ್ ರಿಜೆಕ್ಟ್. ಆಗ ನೀನು ಇನ್ಸ್‌ಪೆಕ್ಟರ್ ಹತ್ತಿರ, "ಸಾರ್, ನನ್ನ ಮನಸ್ಸಿನಲ್ಲಿ ಅಳತೆ ಸರಿಯಾಗೇ ಇತ್ತು" ಅಂತ ವಾದ ಮಾಡುತ್ತೀಯಾ? ಇಲ್ಲ. ಗೇಜ್ ಹೇಳಿದ್ದೇ ಮಾತು. ನೋಟಕ್ಕೂ ಅಂಥದೇ ಒಂದು ಗೇಜ್ ಇದೆ, ಎದುರಿನವರ ಮುಖ. ಕಣ್ಣು ಕಣ್ಣು ಒಮ್ಮೆ ಸೇರಿತು, ಆಕೆ ಮುಖ ತಿರುಗಿಸಿದಳು, ಸೆರಗೋ ದುಪಟ್ಟಾವೋ ಸರಿಮಾಡಿಕೊಂಡಳು, ಎರಡು ಹೆಜ್ಜೆ ಆಚೆ ಸರಿದಳು... ನೋ ಗೋ. ಆ ಕ್ಷಣದವರೆಗೆ ನಿನ್ನದು ಗೇಜ್ ಆಗಿದ್ದಿರಬಹುದು, ಒಪ್ಪುತ್ತೇನೆ. ಅದಾದ ಮೇಲೂ ಕಣ್ಣು ಕೀಳದಿದ್ದರೆ, ಎದೆಯೊಳಗೆ ಎಂಥ ವೀಣೆ ಇದ್ದರೂ, ಅದರ ಹೆಸರು ಸ್ಟೇರ್. ಎರಡು ಪದಗಳ ನಡುವೆ ಇರುವುದು ಒಂದು ರೆಪ್ಪೆಯ ದೂರ.

ಆದ್ದರಿಂದ ನಿನ್ನ ಪ್ರಶ್ನೆಗೆ ಉತ್ತರ: ಹೇಳಬಾರದು. "ನಾನು ಮಾಡಿದ್ದು ಗೇಜ್" ಎಂಬ ವಾದ ಬೇಡ. ಹೆಸರಿಡುವ ಹಕ್ಕು ಅವಳದು, ಅವಳು ಇಟ್ಟಾಯಿತು. ಅಷ್ಟು ಜನರ ಮಧ್ಯೆ ಎದುರಿಗೆ ಬಂದು ಹೇಳಲು ಅವಳಿಗೆ ಎಷ್ಟು ದಿನದ ಧೈರ್ಯ ಕೂಡಿಸಬೇಕಾಯಿತೋ ಯೋಚಿಸು. ಮಾತಾಡಿಸಲು ಹೋಗಬೇಡ. "ಸಾರಿ" ಹೇಳುವ ನೆಪದಲ್ಲೂ ಹತ್ತಿರ ಹೋಗಬೇಡ. ಬಸ್ಸಿನ ಬೋರ್ಡ್ ನೋಡು, ಸಾಧ್ಯವಾದರೆ ಹತ್ತು ಹೆಜ್ಜೆ ಆಚೆ ನಿಲ್ಲು. ಅವಳು ಅದೇ ಸ್ಟಾಪಿನಲ್ಲಿ ನಿಶ್ಚಿಂತೆಯಾಗಿ ಬಸ್ಸಿಗೆ ಕಾಯುವಂತಾದರೆ, ಅದೇ ನಿನ್ನ ಸಾರಿ.

ಕೊನೆಗೊಂದು ಮಾತು. 1954ರ 'ಬೇಡರ ಕಣ್ಣಪ್ಪ'ದಲ್ಲಿ ಶಿವನಿಗೆ ಕಣ್ಣು ಕಿತ್ತುಕೊಟ್ಟ ಪಾತ್ರದಿಂದ ನಾಯಕನಟನಾದ ಅಣ್ಣಾವ್ರು, 2006ರ ಏಪ್ರಿಲ್ 12ರಂದು ಹೋಗುವಾಗ ನಿಜವಾಗಿಯೂ ಕಣ್ಣು ಕೊಟ್ಟು ಹೋದರು. 2021ರ ಅಕ್ಟೋಬರ್ 29ರಂದು ನಮ್ಮನ್ನು ಅಗಲಿದ ಅಪ್ಪು ಕೂಡ ಹಾಗೇ. ಅವರ ಎರಡು ಕಾರ್ನಿಯಾಗಳನ್ನು ವೈದ್ಯರು ಮುಂದಿನ ಪದರ, ಹಿಂದಿನ ಪದರ ಎಂದು ಬಿಡಿಸಿ ನಾಲ್ಕು ಜನರಿಗೆ ಬೆಳಕು ಕೊಟ್ಟರು. ಕಣ್ಣನ್ನು ಹೀಗೆ ಒಬ್ಬರಿಂದ ಇನ್ನೊಬ್ಬರಿಗೆ ಕೊಡಬಹುದು. ಆದರೆ ನೋಟವನ್ನು ಕೊಡಲಾಗುವುದಿಲ್ಲ, ಅದನ್ನು ಅವರವರೇ ಸಂಪಾದಿಸಬೇಕು. ಅಣ್ಣಾವ್ರ ಅಭಿಮಾನಿ, ಅಪ್ಪು ಅಭಿಮಾನಿ ಎಂದು ಎದೆ ತಟ್ಟಿಕೊಳ್ಳುವ ನಮ್ಮ ಕಣ್ಣಿಗೆ ಹೆದರಿ ಒಬ್ಬ ಹೆಣ್ಣುಮಗಳು ಎರಡು ಹೆಜ್ಜೆ ಆಚೆ ಸರಿದರೆ, ಆ ಅಭಿಮಾನಕ್ಕೆ ಏನು ಬೆಲೆ ಬಂತು?

ಹೋಗಿ ಬನ್ನಿ ಮಿತ್ರರೇ. ಬಸ್ಸು ಬಂತು, ಕಂಡಕ್ಟರ್ ಸೀಟಿ ಊದುತ್ತಿದ್ದಾನೆ. ಮುಂದಿನ ವಾರ ಇದೇ ಪುಟದಲ್ಲಿ ಸಿಗೋಣ. ಅಲ್ಲಿಯವರೆಗೆ ಸಿನಿಮಾವನ್ನು ಕಣ್ತುಂಬ ನೋಡಿ. ಬಸ್ ಸ್ಟಾಪಿನಲ್ಲಿ ಮಾತ್ರ ಆಗಾಗ ರೆಪ್ಪೆ ಹೊಡೆಯಿರಿ!